ಆಚೆ ಕಡೆಯ ಲಾಳಿ

ಮೊಳಕಾಲ್ಮೂರು
೬ ಜೂನ್ ೨೦೨೫

ಚಿರಂಜೀವಿ ವೀಣಾಗೆ ನಿನ್ನ ತಂದೆ ರಂಗಯ್ಯ ಮಾಡುವ ಆಶೀರ್ವಾದ.

ಐ ಆ್ಯಮ್ ವೆರಿ ವೆರಿ ಪ್ಲೀಸ್ಡ್ ಟು ಇನ್‌ಫಾರ್ಮ್ ಯು. ಇದರ ಮುಂದೆ ಏನು ಬರೆಯಬೇಕು ಅನ್ನುವುದು ಮರೆತುಹೋಗಿದೆ. ಚಳ್ಳಕೆರೆ ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಾಗದ ಬರೆಯಲು ಕಲಿಸಿದ ಮೇಷ್ಟ್ರು ಈ ಮೊದಲ ಸಾಲನ್ನು ದಾಟಿ ಮುಂದೆ ಹೋಗಿದ್ದು ನನಗೆ ನೆನಪಿಲ್ಲ. ಇರಲಿ. ಇನ್‌ಫಾರ್ಮ್ ಮಾಡಬೇಕಾದ ಸುದ್ದಿಯನ್ನು ನೀನೇ ಫೋನಿನಲ್ಲಿ ಹೇಳಿಯಾಗಿದೆ. ನೀನು ಪ್ರೊಫೆಸರ್ ಆದೆ. ಫೋನಿಟ್ಟ ಮೇಲೆ ಶರ್ಟು ಹಾಕಿಕೊಂಡು ಹೊರಟವನು, ಬಸ್ ಸ್ಟ್ಯಾಂಡಿನವರೆಗೆ ಸಿಕ್ಕವರಿಗೆಲ್ಲ ಹೇಳಿದೆ. ಕೇಳದವರಿಗೂ ಹೇಳಿದೆ.

ಚಂದ್ರಣ್ಣನಿಗೂ ಫೋನು ಮಾಡಿದೆ. ನನ್ನ ಜೊತೆ ಬಿ.ಎ. ಓದಿದವನು, ಅವನು ಪಾಸಾಗಿ ಅದೇ ಕಾಲೇಜಿನಲ್ಲಿ ಗುಮಾಸ್ತನಾದ, ನಾನು ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದು ಮಗ್ಗಕ್ಕೆ ಬಂದೆ. ಅವನು ಕೇಳಿದ:

"ಯಾವುದ್ರಲ್ಲಿ ಪ್ರೊಫೆಸರ್ಲೇ? ಕಂಪ್ಯೂಟರಾ?"

"ಕಂಪ್ಯೂಟರ್ರೂ ಐತೆ."

"ಮತ್ತೆ?"

"ಚಿತ್ರಾನೂ ಐತೆ. ಸಂಗೀತಾನೂ ಐತೆ."

"ಲೇ ರಂಗ, ಇದೇನು ನೌಕರೀನೋ, ಶಾಲೆ ವಾರ್ಷಿಕೋತ್ಸವಾನೋ?"

ಫೋನು ಕಟ್ ಮಾಡಿದೆ. ಆದರೆ ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ನೀನು ಏನು ಕಲಿಸುತ್ತೀಯ ಅಂತ ನಾನು ಒಬ್ಬೊಬ್ಬರಿಗೆ ಒಂದೊಂದು ಹೇಳಿಕೊಂಡು ಬಂದಿದ್ದೇನೆ. ಒಂದು ಸಲ ಸ್ಪೀಕರ್ ರಿಪೇರಿ ಅಂತಲೂ ಅಂದಿದ್ದೆ. ಆದ್ದರಿಂದ ನೀನು ಏನು ಕಲಿಸುತ್ತೀಯ ಅನ್ನುವುದನ್ನು ವಿವರವಾಗಿ, ನನಗೆ ತಿಳಿಯುವ ಹಾಗೆ ಬರಿ. ಫೋನಿನಲ್ಲಿ ಬೇಡ. ಫೋನಿನಲ್ಲಿ ನಾವಿಬ್ಬರೂ 'ಊಟ ಆಯ್ತಾ' ದಾಟಿದವರಲ್ಲ. ಮಿಕ್ಕದ್ದನ್ನೆಲ್ಲ ನಿನ್ನ ಅಮ್ಮ ಮಾತಾಡುತ್ತಿದ್ದಳು. ಕಾಗದ ಬರೆಯೋಣ ಅಂತ ನೀನೇ ಅಂದದ್ದು.

ಯುವರ್ಸ್ ಫೇತ್‌ಫುಲಿ,
ರಂಗಯ್ಯ


ಪುಣೆ
೧೭ ಜೂನ್ ೨೦೨೫

ನಾನ್ನಾ,

ಚಂದ್ರಣ್ಣ ಮಾಮನ ಮಾತಿಗೆ ನಗು ಬಂತು. ಇಲ್ಲಿ ಹನ್ನೆರಡು ವರ್ಷದಿಂದ ಅದನ್ನೇ ಕೇಳುತ್ತಿದ್ದೇನೆ, ಆದರೆ ಇಷ್ಟು ಚೆನ್ನಾಗಿ ಯಾರೂ ಕೇಳಿರಲಿಲ್ಲ. ಎಂಜಿನಿಯರಿಂಗ್ ವಿಭಾಗದವರು ನನ್ನನ್ನು ಚಿತ್ರ ಬರೆಯುವವಳು ಅಂತಾರೆ, ಕಲಾ ವಿಭಾಗದವರು ಮೆಕ್ಯಾನಿಕ್ ಅಂತಾರೆ. ನನ್ನ ಕೋಣೆ ಎರಡು ಕಟ್ಟಡಗಳ ನಡುವಿನ ಮೆಟ್ಟಿಲ ಕೆಳಗಿತ್ತು. ಈಗ ಕಲೆ ಮತ್ತು ತಂತ್ರಜ್ಞಾನ ಅಂತ ಒಂದೇ ವಿಭಾಗ ಮಾಡಿ, ನನ್ನನ್ನು ಅದರ ಪ್ರೊಫೆಸರ್ ಮಾಡಿದ್ದಾರೆ. ಕಿಟಕಿ ಇರುವ ಕೋಣೆ ಕೊಟ್ಟಿದ್ದಾರೆ.

ನಾನು ಮಾಡುವುದು ಇದು. ಮಗ್ಗ ನಡೆಯುವಾಗ ಬರುವ ಸದ್ದನ್ನು ನಾವು ಮಾಡಿದ ಯಂತ್ರ ಕೇಳಿಸಿಕೊಳ್ಳುತ್ತದೆ. ಪ್ರತಿ ಲಾಳಿ ಓಡುವ ಸದ್ದನ್ನು ಬೇರೆ ಬೇರೆ ಮಾಡಿ, ಒಂದು ಲಾಳಿಗೆ ಒಂದು ಗೆರೆಯ ಹಾಗೆ ಗೋಡೆಯ ಮೇಲೆ ಚಿತ್ರ ಬರೆಯುತ್ತಾ ಹೋಗುತ್ತದೆ. ತಿರುಗಿಸಿದರೆ ಚಿತ್ರದಿಂದ ಸದ್ದೂ ಬರುತ್ತದೆ. ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ಹೋದ ವರ್ಷ ಒಂದು ಸೀರೆಯನ್ನು ಕೇಳಿ, "ಇಲ್ಲಿ ಅಂಚಿನ ಬಣ್ಣ ಬೇರೆ" ಅಂದ. ಬೇರೆಯೇ ಆಗಿತ್ತು.

ಹೊಸ ಪ್ರೊಫೆಸರ್ ಆದವರು ಎಲ್ಲರ ಎದುರಿಗೆ ಒಂದು ಉಪನ್ಯಾಸ ಕೊಡಬೇಕು. ನನ್ನದು ನವೆಂಬರ್ ೨೧ಕ್ಕೆ. ಅದಕ್ಕೆ ನಿಮ್ಮಿಂದ ಎರಡು ಬೇಕು. ಡಿಸೆಂಬರಿನಲ್ಲಿ ಅಮ್ಮ ಹೋದಾಗ ಮಗ್ಗದ ಮೇಲೆ ಒಂದು ಸೀರೆ ಇತ್ತಲ್ಲ, ಹಸಿರು ಒಡಲು, ಅರಗಿನ ಬಣ್ಣದ ಅಂಚು, ಎರಡು ಮೊಳ ಬಾಕಿ ಇದ್ದದ್ದು? ಅವತ್ತು ನಾನು ಅದನ್ನೇ ಉಡಬೇಕು. ಎರಡನೆಯದು, ನೀವು ಅದನ್ನು ನೇಯುವಾಗಿನ ಸದ್ದು. ಮೂರು ಲಾಳಿಯ ನಮ್ಮ ಮನೆಯ ಸದ್ದನ್ನು, ಒಡಲಿನದೊಂದು ಗೆರೆ, ಆಚೆ ಈಚೆ ಅಂಚಿನದು ಒಂದೊಂದು, ಗೋಡೆಯ ಮೇಲೆ ತೋರಿಸಬೇಕು ಅಂತ ನನ್ನ ಆಸೆ.

ಸೀರೆ ಎಲ್ಲಿಗೆ ಬಂತು?

ವೀಣಾ


ಮೊಳಕಾಲ್ಮೂರು
೨ ಜುಲೈ ೨೦೨೫

ಪ್ರೊಫೆಸರ್ ವೀಣಾ ಅವರಿಗೆ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ಸೀರೆ ಪ್ರೋಗ್ರೆಸ್‌ನಲ್ಲಿದೆ. ದಿನಾ ಬೆಳಿಗ್ಗೆ ಕೂರುತ್ತೇನೆ. ಅವಸರ ಮಾಡಿದರೆ ರೇಷ್ಮೆ ಮುನಿಸಿಕೊಳ್ಳುತ್ತದೆ, ನಿನಗೆ ಗೊತ್ತು. ಹೌ ಎವರ್, ಈ ಸಲ ಗಾಳಿ ಬಹಳ. ರಾಂಪುರದ ಕಡೆಯಿಂದ ಧೂಳೋ ಧೂಳು. ಮಗ್ಗದ ಮೇಲೆ ನಿನ್ನ ಅಮ್ಮನ ಹಳೇ ಸೀರೆ ಹೊದಿಸಿ, ನಾಲ್ಕೂ ಮೂಲೆಗೆ ಕಲ್ಲು ಹೇರಿದ್ದೇನೆ.

ಚಂದ್ರಣ್ಣನಿಗೆ ಫೋನು ಮಾಡಿ ಕಣ್ಣು ಕಾಣದ ಹುಡುಗನ ವಿಷಯ ಹೇಳಿದೆ. ಅವನು ಅದನ್ನೇ ಎರಡು ಸಲ ಹೇಳಿಸಿಕೊಂಡ. ನನ್ನ ಮಾತನ್ನು ಅವನು ಮತ್ತೆ ಹೇಳು ಅಂದದ್ದು ಐವತ್ತು ವರ್ಷದಲ್ಲಿ ಇದೇ ಮೊದಲು.

ನಿನಗೊಂದು ಹಳೇ ವಿಷಯ ಹೇಳುತ್ತೇನೆ. ನೀನು ಕಂಪನಿ ಕೆಲಸ ಬಿಟ್ಟು ಚಿತ್ರ ಓದಲು ಹೋದೆಯಲ್ಲ, ಆಗ ರಾಯದುರ್ಗದ ನಿನ್ನ ದೊಡ್ಡಮ್ಮ ಬಂದು ಇದೇ ಜಗುಲಿಯ ಮೇಲೆ ಕೂತು, ಎಂಜಿನಿಯರಿಂಗ್ ಓದಿದ ಹುಡುಗಿ ಬಣ್ಣ ಬಳಿಯಲು ಹೋದಳಲ್ಲ ಅಂತ ಅತ್ತಳು. ನಾನೂ ಒಳಗೊಳಗೆ ಅಳುತ್ತಿದ್ದೆ. ನಿನ್ನ ಅಮ್ಮ ಮಗ್ಗದಿಂದ ಎದ್ದು ಬರಲೇ ಇಲ್ಲ. ಕೂತಲ್ಲಿಂದಲೇ ತೆಲುಗಿನಲ್ಲಿ ಅಂದಳು: "ಅಕ್ಕಾ, ಕಾಲಲ್ಲಿ ತುಳಿಯೋದು ಯಂತ್ರ, ಕೈಯಲ್ಲಿ ಬರೋದು ಹೂವು. ಇದರಲ್ಲಿ ಎಂಜಿನಿಯರು ಎಲ್ಲಿ ಮುಗಿದ, ಚಿತ್ರಗಾರ ಎಲ್ಲಿ ಶುರುವಾದ, ನೀನೇ ಬಂದು ತೋರ್ಸು." ನಿನ್ನ ದೊಡ್ಡಮ್ಮ ಕಾಫಿ ಕುಡಿದು ಹೋದಳು.

ಒಂದು ಮಾತು. ನಿನ್ನ ಮಿಷನ್ನು ಬರೀ ಕೇಳುತ್ತದೋ, ಲಾಳಿಯನ್ನೂ ಹಾಕುತ್ತದೋ? ಆಚೆ ಕಡೆ ಕೂತು ಅಂಚಿನ ಲಾಳಿ ಕೊಡುವ ಜಾಗಕ್ಕೆ ಮಿಷನ್ನು ತರುವ ಯೋಚನೆ ಇದ್ದರೆ ಈಗಲೇ ಹೇಳುತ್ತೇನೆ, ಅದು ನಮ್ಮ ಮನೆಗೆ ಬೇಡ.

ಯುವರ್ಸ್ ಫೇತ್‌ಫುಲಿ,
ರಂಗಯ್ಯ


ಪುಣೆ
೧೪ ಜುಲೈ ೨೦೨೫

ನಾನ್ನಾ,

ಮಿಷನ್ ನಮ್ಮ ಮನೆಗೆ ಬೇಡ ಅಂದಿರಿ. ಆ ಸಾಲನ್ನು ನಾಲ್ಕಾರು ಸಲ ಓದಿದೆ. ಊರಿಗೆಲ್ಲ ನನ್ನ ವಿಷಯ ಹೇಳಿಕೊಂಡು ತಿರುಗುತ್ತೀರಿ, ಆದರೆ ನನ್ನ ಕೆಲಸ ನಮ್ಮ ಹೊಸ್ತಿಲು ದಾಟಬಾರದು. ಮಗ್ಗ ಹಾಳು ಮಾಡುವವರ ಗುಂಪಿಗೆ ನನ್ನನ್ನೂ ಸೇರಿಸಿದಿರಿ ಅನ್ನಿಸಿತು.

ಯಂತ್ರ ಬರುವುದಿಲ್ಲ. ಗೋಪಣ್ಣನ ಫೋನಿನಲ್ಲಿ ಸದ್ದು ಹಿಡಿದು ಕಳಿಸಿ, ಅಷ್ಟು ಸಾಕು. ಪಕ್ಕದ ಮನೆಯಲ್ಲೇ ಇದ್ದಾರಲ್ಲ, ಒಂದು ನಿಮಿಷದ ಕೆಲಸ.

ವೀಣಾ


ಮೊಳಕಾಲ್ಮೂರು
೨೯ ಜುಲೈ ೨೦೨೫

ಚಿರಂಜೀವಿ ವೀಣಾಗೆ,

ಸದ್ದು ಕಳಿಸಿದ್ದೇವೆ. ಗೋಪಿಯ ಫೋನಿನಿಂದ ಮೊನ್ನೆ ಬಂದಿರಬೇಕು. ಸೌಂಡ್ ಕ್ವಾಲಿಟಿ ಫಸ್ಟ್ ಕ್ಲಾಸ್. ಮೂರು ಲಾಳಿಯ ಅಂಚು, ನಮ್ಮ ಮನೆಯದೇ. ಸೀರೆ ಇನ್ನೇನು ಮಗ್ಗದಿಂದ ಇಳಿಯುವುದರಲ್ಲಿದೆ, ಗೇಣು ಬಾಕಿ. ಗೋಪಿ ನೋಡಿ ಎರ್ರ ಅಂಚು ಬೆಂಕಿ ಇದ್ದಂಗೈತೆ ಅಂದ. ಅವನಿಗೆ ಅರಗಿನ ಬಣ್ಣಕ್ಕೂ ಬರೀ ಕೆಂಪಿಗೂ ವ್ಯತ್ಯಾಸ ತಿಳಿಯುವುದಿಲ್ಲ.

ನಿನ್ನ ಮೇಲೆ ನನಗೆ ಬೇಸರ ಇಲ್ಲ ತಲ್ಲೀ. ಬೇಸರವಿದ್ದರೆ ನಿನ್ನ ಫೋಟೋ ಬಂದ ಪೇಪರನ್ನು ಲ್ಯಾಮಿನೇಷನ್ ಮಾಡಿಸಲು ಚಳ್ಳಕೆರೆಗೆ ಯಾಕೆ ಹೋಗುತ್ತಿದ್ದೆ? ಅಂಗಡಿಯವನು "ಯಾರ್ರಿ ಇವರು?" ಅಂದ. ನನಗೆ ಅಷ್ಟೇ ಬೇಕಾಗಿತ್ತು. ಒಂದು ಗಂಟೆ ಹೇಳಿದೆ. ಪಾಪ, ಹಿಂದೆ ಜನ ನಿಂತಿದ್ದರು.

ಯುವರ್ಸ್ ಫೇತ್‌ಫುಲಿ,
ರಂಗಯ್ಯ


ಪುಣೆ
೪ ಆಗಸ್ಟ್ ೨೦೨೫

ನಾನ್ನಾ,

ನೀವು ಕಳಿಸಿದ ಸದ್ದನ್ನು ನನ್ನ ಹೊಸ ಕೋಣೆಯಲ್ಲಿ ಹಾಕಿದೆ. ವಿದ್ಯಾರ್ಥಿಗಳೂ ಇದ್ದರು. ಇದು ನಮ್ಮ ಮನೆ ಅಂತ ಹೇಳಿ ಶುರು ಮಾಡಿದೆ.

ಗೋಡೆಯ ಮೇಲೆ ಮೂರು ಗೆರೆ ಬರಬೇಕಿತ್ತು. ಒಂದೇ ಬಂತು.

ಯಂತ್ರ ಕೆಟ್ಟಿದೆ ಅಂದುಕೊಂಡು ವಿದ್ಯಾರ್ಥಿಗಳು ವೈರು ಹುಡುಕತೊಡಗಿದರು. ನನಗೆ ಗೆರೆ ಬರುವ ಮೊದಲೇ ಗೊತ್ತಾಗಿತ್ತು. ಅದು ಒಂದೇ ಲಾಳಿಯ ಸೀರೆ, ಒಡಲೂ ಅಂಚೂ ಒಂದೇ ಬಣ್ಣದ್ದು. ಆಚೆ ಕಡೆ ಯಾರೂ ಕೂತಿಲ್ಲ. ಎಳೆ ಒತ್ತುವ ಹಲಗೆ ಬಡಿದಾಗ ಗಟ್ಟಿ ಮರದ ಸದ್ದು ಬರುತ್ತದೆ. ನಮ್ಮ ಹಲಗೆ ನಾನು ಹೈಸ್ಕೂಲಿನಲ್ಲಿದ್ದಾಗಲೇ ಬಿರುಕು ಬಿಟ್ಟು, ಒಂದು ಏಟಿಗೆ ಎರಡು ಸದ್ದು ಕೊಡುತ್ತದೆ. ಆ ಸದ್ದಿನಲ್ಲಿ ಕೂತು ನಾನು ಎಸ್ಸೆಸ್ಸೆಲ್ಸಿ ಓದಿದವಳು ನಾನ್ನಾ. ಇದು ಗೋಪಣ್ಣನ ಮಗ್ಗ.

ಆಮೇಲೆ ನಿಮ್ಮ ಜುಲೈ ೨ರ ಕಾಗದ ತೆಗೆದು ನೋಡಿದೆ. ದಿನಾ ಕೂರುತ್ತೇನೆ ಅಂದಿದ್ದೀರಿ. ಅದರ ಕೆಳಗೇ ಮಗ್ಗಕ್ಕೆ ಅಮ್ಮನ ಸೀರೆ ಹೊದಿಸಿ ಕಲ್ಲು ಹೇರಿದ್ದೇನೆ ಅಂದಿದ್ದೀರಿ.

ನೀವು ಯಾವಾಗಿನಿಂದ ಮಗ್ಗಕ್ಕೆ ಕೂತಿಲ್ಲ?

ವೀಣಾ


ಮೊಳಕಾಲ್ಮೂರು
೨೫ ಆಗಸ್ಟ್ ೨೦೨೫

ಚಿರಂಜೀವಿ ವೀಣಾಗೆ,

ಉತ್ತರ ತಡವಾಯಿತು. ಕಾರಣ, ನಿನ್ನ ಕಾಗದವನ್ನು ಊರಿಗೆಲ್ಲ ಓದಿ ಹೇಳುವುದರಲ್ಲಿದ್ದೆ.

ಮೊದಲು ಗೋಪಿಗೆ ಓದಿದೆ. ಸಿಕ್ಕಿಬಿದ್ದೆವಲ್ಲ ಅಂತ ಅವನ ಮುಖ ಇಷ್ಟಾಯಿತು. ಆಮೇಲೆ ಕೇಳಿದ, "ಅಷ್ಟು ದೂರದಾಗೆ ಕೂತ್ಕಂಡು ನನ್ ಮಗ್ಗ ಅಂತ ಗುರ್ತು ಹಿಡುದ್ಳಾ ಮಾಮ?" ಹೌದು ಅಂದೆ. "ನನ್ ಹೆಂಡ್ತಿಗೇ ಗೊತ್ತಾಗಲ್ಲ!" ಅಂದ. ಒಳಗಿನಿಂದ ನಾಗರತ್ನ, "ಸದ್ದು ಬಂದ್ರೆ ತಾನೆ ಗೊತ್ತಾಗದು? ಅರ್ಧ ದಿನ ಟೀ ಅಂಗಡೀಲಿರ್ತೀಯ" ಅಂದಳು. ಚಂದ್ರಣ್ಣನಿಗೂ ಓದಿದೆ. "ಲೇ, ನಿನ್ ಮಗಳ ಹತ್ರ ಸುಳ್ಳು ಹೇಳಂಗೇ ಇಲ್ಲ ಬಿಡು" ಅಂದ. ನಾನು ಸುಳ್ಳು ಹೇಳಿ ಸಿಕ್ಕಿಬಿದ್ದದ್ದಕ್ಕೆ ಇಷ್ಟು ಎದೆ ಉಬ್ಬಿದ್ದು ಇದೇ ಮೊದಲು. ಮಗ್ಗ ಅಂದರೆ ಮಗ್ಗ, ಟಕ್ಕು ಟಕ್ಕು, ಪುಣೆಯಲ್ಲಿ ಯಾರಿಗೆ ತಿಳಿಯುತ್ತದೆ ಅಂದುಕೊಂಡಿದ್ದೆ. ನೀನು ಏನು ಪ್ರೊಫೆಸರ್ ಅನ್ನುವುದು ನನಗೆ ಈಗ ತಿಳಿಯಿತು.

ಇನ್ನು ನೀನು ಕೇಳಿದ್ದು. ಡಿಸೆಂಬರಿನಿಂದ ಕೂತಿಲ್ಲ.

ಕೂರಲಿಲ್ಲ ಅಂತಲ್ಲ. ಯುಗಾದಿ ಹಿಂದಿನ ವಾರ ಒಂದು ದಿನ ಮಗ್ಗದ ಕುಣಿಯೊಳಗೆ ಕಾಲಿಳಿಸಿ ಕೂತೆ. ತುಳಿದೆ. ಒಡಲಿನ ಲಾಳಿ ಎಸೆದೆ, ಹೋಯಿತು. ಆಚೆ ಕಡೆಗೆ ಕೈ ಚಾಚಿದೆ. ಮೂವತ್ತೆಂಟು ವರ್ಷದ ರೂಢಿ, ನೋಡದೆ ಚಾಚುತ್ತೇನೆ, ಅಂಗೈಗೆ ನಿನ್ನ ಅಮ್ಮನ ಲಾಳಿ ಬಂದು ಬೀಳುತ್ತದೆ. ಬೀಳಲಿಲ್ಲ. ಎದ್ದುಬಿಟ್ಟೆ.

ನಾಗರತ್ನ ಕೂರುತ್ತೇನೆ ಅಂದಳು. ಬೇಡ ಅಂದೆ. ಯಾಕೆ ಅಂದರೆ ನಮ್ಮ ಮನೆಯಲ್ಲಿ ಒಂದು ರೂಢಿ ಉಂಟು, ನಿನಗೆ ನೆನಪಿದೆಯೋ ಇಲ್ಲವೋ. ಸೀರೆ ಇಳಿಸುವಾಗ ಕತ್ತರಿ ಹಾಕುವುದು ನೇಯ್ದವನಲ್ಲ, ಆಚೆ ಕಡೆ ಕೂತವರು. ನಿನ್ನ ಅಜ್ಜಿಯ ಕಾಲದಿಂದ ಹಾಗೇ. ಗಂಡಸಿನ ಹೆಸರು ಹೇಳಿ ಸೀರೆ ಮಾರುತ್ತೇವೆ, ಕತ್ತರಿಯಾದರೂ ಅವಳ ಕೈಲಿರಲಿ ಅಂತ ನಿನ್ನ ಅಮ್ಮ ನಗುತ್ತಿದ್ದಳು. ಈ ಸೀರೆಯಲ್ಲಿ ಎರಡು ಮೊಳ ಬಿಟ್ಟು ಮಿಕ್ಕದ್ದೆಲ್ಲ ಅವಳ ಲಾಳಿ ಓಡಿದೆ. ಇದಕ್ಕೆ ಬೇರೆಯವರ ಕತ್ತರಿ ಹಾಕಿಸಲು ನನಗೆ ಮನಸ್ಸು ಬರಲಿಲ್ಲ. ಮಿಷನ್ನು ಬೇಡ ಅಂದದ್ದೂ ಅದಕ್ಕೇ. ನಿನ್ನ ಕೆಲಸಕ್ಕಲ್ಲ, ಆ ಜಾಗಕ್ಕೆ ಬೇಡ ಅಂದೆ.

ನವೆಂಬರಿಗೆ ನೀನು ಬೇರೆ ಸೀರೆ ಉಟ್ಟುಕೋ. ಗೋಪಿಯ ಹತ್ತಿರ ಒಳ್ಳೆಯದು ಒಂದಿದೆ.

ರಂಗಯ್ಯ


ಪುಣೆ
೩೦ ಆಗಸ್ಟ್ ೨೦೨೫

ನಾನ್ನಾ,

ಬೇರೆ ಸೀರೆ ಉಡುವುದಿಲ್ಲ.

ನನ್ನದೂ ಒಂದು ಸುಳ್ಳಿದೆ. ಉಪನ್ಯಾಸಕ್ಕೆ ನಿಮ್ಮ ಸದ್ದು ಬೇಕೇಬೇಕು ಅಂತ ಇರಲಿಲ್ಲ. ನನ್ನ ಹತ್ತಿರ ಎಷ್ಟೋ ಊರಿನ ಮಗ್ಗದ ಸದ್ದುಗಳಿವೆ. ಕೇಳಿದರೆ ನೀವು ಕೂರುತ್ತೀರಿ ಅಂತ ಕೇಳಿದೆ. ನಾನೇ ಬಂದು ನೋಡಬಹುದಿತ್ತು. ಅಮ್ಮನ ಕಾರ್ಯ ಮುಗಿಸಿಕೊಂಡು ಬಂದವಳು ಮತ್ತೆ ಆ ಬಾಗಿಲಿಗೆ ಬರಲಿಲ್ಲ. ರಜೆ ಸಿಗಲಿಲ್ಲ ಅಂದೆ. ರಜೆ ಇತ್ತು. ಬಂದರೆ ಮನೆ ಸದ್ದಿಲ್ಲದೆ ಇರುತ್ತದೆ ಅಂತ ಗೊತ್ತಿತ್ತು.

ದಸರಾ ರಜೆಗೆ ಬರುತ್ತೇನೆ. ವರ್ಷ ತುಂಬಿಲ್ಲ, ಹಬ್ಬ ಬೇಡ. ಕಲ್ಲು ಇಳಿಸಿ, ಹಾಸಿನ ಎಳೆಗಳ ಧೂಳು ಒರೆಸಿಡಿ. ಆಚೆ ಕಡೆ ನಾನು ಕೂರುತ್ತೇನೆ.

ನನಗೆ ಬರುವುದಿಲ್ಲ ಅಂತ ನೀವು ಬರೆಯಬೇಡಿ. ಬರುವುದಿಲ್ಲ ಅಂತ ಗೊತ್ತು. ಮಗ್ಗದ ಹತ್ತಿರ ಹೋದಾಗಲೆಲ್ಲ ಅಮ್ಮ "ಪೋ, ಹೋಗಿ ಓದು" ಅಂತ ಓಡಿಸಿದ್ದರಲ್ಲ. ಓದಿ ಮುಗಿಸಿದ್ದೇನೆ.

ವೀಣಾ


ಮೊಳಕಾಲ್ಮೂರು
೧೬ ಅಕ್ಟೋಬರ್ ೨೦೨೫

ಪ್ರೊಫೆಸರ್ ವೀಣಾ ಅವರಿಗೆ,

ಕ್ಷೇಮವಾಗಿ ಮುಟ್ಟಿದ್ದು ಸಂತೋಷ. ಬೆರಳಿಗೆ ಅರಿಶಿನ ಹಚ್ಚುತ್ತಿದ್ದೀಯಾ? ಒಂದೇ ದಿನದಲ್ಲಿ ಅಷ್ಟು ಸಲ ಲಾಳಿ ಬೀಳಿಸಿದವರನ್ನು ನಾನು ಕಂಡಿಲ್ಲ. ಬಗ್ಗಿ ಬಗ್ಗಿ ನನ್ನ ಸೊಂಟ ಇನ್ನೂ ನೆಟ್ಟಗಾಗಿಲ್ಲ. ಸೀರೆ ಇಳಿಸುವಾಗ ಕತ್ತರಿ ಮಾತ್ರ ನೆಟ್ಟಗೆ ಹಾಕಿದೆ. ಗೋಪಿ ಬಾಗಿಲಲ್ಲಿ ನಿಂತು, "ಮಾಮ, ಪ್ರೊಫೆಸರಮ್ಮನ್ನ ಫೇಲ್ ಮಾಡಿ ಕಳ್ಸು" ಅಂದದ್ದಕ್ಕೆ ನೀನು, "ಗೋಪಣ್ಣಾ, ನಿನ್ ಮಗ್ಗದ ಸದ್ದು ನನ್ ಹತ್ರ ಐತೆ, ನೀನು ಎಷ್ಟು ಹೊತ್ತು ಟೀ ಕುಡಿಯಾಕೆ ಹೋಗ್ತೀಯ ಅಂತ ನಾಗರತ್ನಕ್ಕಂಗೆ ಹೇಳ್ಲಾ?" ಅಂದೆ. ಅವನು ಇವತ್ತಿನವರೆಗೆ ಟೀ ಅಂಗಡಿಗೆ ಹೋಗಿಲ್ಲ.

ನೀನು ಹೋದಮೇಲೆ ಒಂದು ಹೇಳಬೇಕು ಅಂತ ಇತ್ತು. ಕೊನೆಯ ಗೇಣಿನಲ್ಲಿ ನಿನ್ನ ಲಾಳಿ ತಡವಾಗಿ, ಅಂಚಿನಲ್ಲಿ ಒಂದೆಳೆ ಸಡಿಲ ನಿಂತಿತಲ್ಲ. ಬಿಚ್ಚೋಣ ಅಂತ ನೀನು ಅಂದೆ, ಇರಲಿ ಅಂತ ನಾನು ಅಂದೆ. ನಾನು ತಪ್ಪು ಬಿಡುವವನಲ್ಲ, ನಿನಗೂ ಆಶ್ಚರ್ಯ ಆಗಿರಬೇಕು. ಮದುವೆಯಾದ ಹೊಸದರಲ್ಲಿ ನಿನ್ನ ಅಮ್ಮನ ಲಾಳಿಯೂ ಹಾಗೇ ತಡವಾಗಿ ಬರುತ್ತಿತ್ತು. ಅಷ್ಟೇ ಹೊತ್ತು, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ಅವಳದನ್ನು ನಾನು ಅವತ್ತು ಬೈದು ಬಿಚ್ಚಿಸಿದ್ದೆ. ನಿನ್ನದು ಇರಲಿ.

ಉಪನ್ಯಾಸಕ್ಕೆ ಟಿಕೆಟ್ ಕಳಿಸುತ್ತೇನೆ ಅಂದಿದ್ದೀ. ಬರುವುದಿಲ್ಲ. ತಪ್ಪು ತಿಳಿಯಬೇಡ. ನಿನ್ನ ಪುಣೆಯಲ್ಲಿ ನಾನು ಮುಂದಿನ ಸಾಲಿನಲ್ಲಿ ಕೂತರೂ, ಇವಳು ನನ್ನ ಮಗಳು ಅಂತ ಯಾರಿಗೆ ಹೇಳಲಿ? ಅವರಿಗೆ ನನ್ನ ಭಾಷೆ ಬಾರದು, ನನಗೆ ಅವರದು ಬಾರದು. ಚಳ್ಳಕೆರೆ ಕಾಲೇಜಿನ ಹಾಲಿನಲ್ಲಿ ದೊಡ್ಡ ಪರದೆ ಇದೆಯಂತೆ. ಅದರಲ್ಲಿ ನೇರವಾಗಿ ತೋರಿಸಲು ಚಂದ್ರಣ್ಣ ಪ್ರಿನ್ಸಿಪಾಲರನ್ನು ಒಪ್ಪಿಸಿದ್ದಾನೆ. ರಿಟೈರಾಗಿ ಎಷ್ಟೋ ವರ್ಷವಾದರೂ ಅವನ ಮಾತು ಅಲ್ಲಿ ನಡೆಯುತ್ತದೆ. ಅಲ್ಲಿ ಕೂತರೆ ಹೇಳಲು ಇಡೀ ಹಾಲು ಇರುತ್ತದೆ.

ಯುವರ್ಸ್ ಫೇತ್‌ಫುಲಿ,
ರಂಗಯ್ಯ


ಮೊಳಕಾಲ್ಮೂರು
೨೩ ನವೆಂಬರ್ ೨೦೨೫

ನನ್ನ ವೀಣಾಗೆ,

ಗೋಪಿ, ನಾಗರತ್ನ, ನಾನು ಬೆಳಿಗ್ಗೆ ಬಸ್ಸಿಗೇ ಹೊರಟೆವು. ಗೋಪಿ ಮದುವೆಗೆ ಹೊಲಿಸಿದ ಶರ್ಟು ಹಾಕಿಕೊಂಡು ಬಂದಿದ್ದ, ಗುಂಡಿ ಹಿಡಿಯಲಿಲ್ಲ. ಅದೇ ಹಾಲು ವೀಣಾ, ನಾನು ಇಂಗ್ಲಿಷ್ ಪರೀಕ್ಷೆ ಬರೆದದ್ದು. ಬೆಂಚು ಬದಲಾಗಿವೆ, ಕಿಟಕಿ ಅವೇ. ಹುಡುಗ ಹುಡುಗಿಯರು ತುಂಬಿದ್ದರು. ಅರ್ಧ ಜನ ಕ್ಲಾಸು ತಪ್ಪುತ್ತದೆ ಅಂತ ಬಂದವರು, ಅದೂ ಸರಿಯೇ.

ಪರದೆಯ ಮೇಲೆ ನೀನು ಬಂದೆ. ನಾನು ಮೊದಲು ನೋಡಿದ್ದು ನಿನ್ನನ್ನಲ್ಲ, ಸೀರೆಯನ್ನು. ನೆರಿಗೆ ಚೆನ್ನಾಗಿ ಕೂತಿತ್ತು. ನೀನು ಇಂಗ್ಲಿಷಿನಲ್ಲಿ ಮಾತಾಡಿದೆ, ಅಲ್ಲೊಂದು ಇಲ್ಲೊಂದು ಮಾತು ಕೈಗೆ ಸಿಕ್ಕಿತು, ಲೂಮ್, ಮದರ್, ಲಿಸನ್. ನಡುವೆ ನೆಟ್‌ವರ್ಕು ನಿಂತು ನೀನು ಬಾಯಿ ತೆರೆದುಕೊಂಡೇ ಉಳಿದೆ. ಚಂದ್ರಣ್ಣ ಎದ್ದು, ಕಾಲೇಜಿನ ಇವತ್ತಿನ ಗುಮಾಸ್ತನನ್ನು ಬೈದ ಬೈಗುಳ ಪುಣೆಗೆ ಕೇಳಿಸಿರಬೇಕು.

ಆಮೇಲೆ ಹಾಲಿನೊಳಗೆ ನಮ್ಮ ಹಲಗೆ ಬಡಿಯಿತು. ಒಂದು ಏಟು, ಎರಡು ಸದ್ದು.

ಪರದೆಯಲ್ಲಿ ನಿನ್ನ ಹಿಂದಿನ ಗೋಡೆಯ ಮೇಲೆ ಹಸಿರು ಗೆರೆ ಬಂತು. ಅದರ ಈಚೆಗೆ ಅರಗಿನ ಬಣ್ಣದ್ದು, ನೆಟ್ಟಗೆ, ಅದು ನನ್ನದು. ಆಚೆಗೆ ಇನ್ನೊಂದು, ನಡುಗಿಕೊಂಡು, ನಿಂತು ನಿಂತು, ಬಿದ್ದು ಎದ್ದು. ನೀನು ಅದರ ಕಡೆ ಕೈ ತೋರಿಸಿ ಏನೋ ಅಂದೆ, ಅಲ್ಲಿದ್ದವರೆಲ್ಲ ನಕ್ಕರು. ಹಿಂದೆ ಕೂತಿದ್ದ ಹುಡುಗಿ ನನಗೆ ಕನ್ನಡದಲ್ಲಿ ಹೇಳಿದಳು: "ಆ ಗೆರೆ ನನ್ನದು, ನಾನು ಇನ್ನೂ ಕಲಿಯುತ್ತಿದ್ದೇನೆ, ನಮ್ಮ ಅಪ್ಪ ಅದನ್ನ ಬಿಚ್ಚಿಸಲಿಲ್ಲ ಅಂದ್ರು ಮೇಡಂ." ಆ ಸಡಿಲ ಎಳೆಯ ಜಾಗ ಬಂದಾಗ ಗೆರೆ ಅಷ್ಟು ಹೊತ್ತು ನಿಂತು ಮುಂದೆ ಹೋಯಿತು. ನಿನ್ನ ಅಮ್ಮ ಇಪ್ಪತ್ತು ವರ್ಷದ ಹುಡುಗಿಯಾಗಿ ಬಂದು ಕೂತಂತೆ ಆಯಿತು. ನಾಗರತ್ನ ನನ್ನ ಕೈಗೆ ಸೆರಗಿನ ತುದಿ ಕೊಟ್ಟಳು. ಕಣ್ಣಿಗೆ ಧೂಳು ಬಿದ್ದಿದೆ ಅಂದೆ. "ಹೂಂ ಮಾಮ, ರಾಂಪುರದ ಧೂಳು" ಅಂದಳು.

ಮುಗಿದ ಮೇಲೆ ಪ್ರಿನ್ಸಿಪಾಲರು ಪ್ರೊಫೆಸರ್ ಅವರ ತಂದೆ ಎರಡು ಮಾತಾಡಬೇಕು ಅಂದರು. ಮೈಕಿನ ಮುಂದೆ ನಿಂತೆ. ಕನ್ನಡದಲ್ಲಿ ಹೇಳಬಹುದಿತ್ತು. ಆದರೆ ಆ ಹಾಲಿನಲ್ಲಿ ನನಗೊಂದು ಇಂಗ್ಲಿಷ್ ಸಾಲು ಬಾಕಿ ಇತ್ತಲ್ಲ. "ಐ ಆ್ಯಮ್ ವೆರಿ ವೆರಿ ಪ್ಲೀಸ್ಡ್ ಟು ಇನ್‌ಫಾರ್ಮ್ ಯು" ಅಂದೆ. ನಿಂತೆ. ಚಂದ್ರಣ್ಣ ಮುಂದಿನ ಸಾಲಿನಿಂದ ತುಟಿ ಅಲ್ಲಾಡಿಸುತ್ತಿದ್ದ, ಅವನಿಗೂ ಮುಂದಿನದು ಗೊತ್ತಿಲ್ಲ. ಆಗ ತಾನಾಗಿ ಬಂತು.

"ಶಿ ಈಸ್ ಮೈ ಡಾಟರ್."

ಗ್ರಾಮರ್ ಸರಿಯೋ ತಪ್ಪೋ, ಚಪ್ಪಾಳೆ ನಿಲ್ಲಲಿಲ್ಲ. ಚಂದ್ರಣ್ಣ ಬಂದು ಕೈ ಹಿಡಿದು, "ಪಾಸಾದೆ ಬಿಡ್ಲೇ" ಅಂದ.

ನಿನ್ನೆ ಮಗ್ಗಕ್ಕೆ ಹೊಸ ಹಾಸು ಹೂಡಿದೆ. ಈ ಸಲ ಒಡಲು ಅರಗಿನದು, ಅಂಚು ಹಸಿರು. ಮೂರು ಲಾಳಿಯೇ. ಆಚೆ ಕಡೆಗೆ ಸದ್ಯಕ್ಕೆ ನಾಗರತ್ನ ಬರುತ್ತಾಳೆ, ಅವಳ ಕೈ ನಿನಗಿಂತ ವಾಸಿ, ಸಿಟ್ಟು ಮಾಡಿಕೊಳ್ಳಬೇಡ. ಕೊನೆಯ ಎರಡು ಮೊಳ ಮಾತ್ರ ನಿನ್ನದು ಅಂತ ಅವಳಿಗೆ ಮೊದಲೇ ಹೇಳಿದ್ದೇನೆ. ಡಿಸೆಂಬರಿನಲ್ಲಿ ಅಮ್ಮನ ವರ್ಷದ ಕಾರ್ಯಕ್ಕೆ ಬರುತ್ತೀಯಲ್ಲ, ಅಷ್ಟರಲ್ಲಿ ಅಲ್ಲಿಗೆ ಬಂದಿರುತ್ತದೆ.

ಕತ್ತರಿ ಸಾಣೆ ಹಿಡಿಸಿ ಇಟ್ಟಿದ್ದೇನೆ.

ನಿನ್ನ ನಾನ್ನ,
ರಂಗಯ್ಯ